ಹಿಂದೆ ನಿಂತವನ ಆಟ

ಕಾಲ್ಚೆಂಡಾಟದಲ್ಲಿ ಗೋಲು ಹೊಡೆದವನ ಹೆಸರು ಊರಿಗೆಲ್ಲ ತಿಳಿಯುತ್ತದೆ. ಗೋಲಾಗದಂತೆ ತಡೆದವನನ್ನು ಕೇಳುವವರು ವಿರಳ. ಈ ವರ್ಷ ನಮ್ಮ ತಂಡಕ್ಕೆ ಬಂದ ಹೊಸ ತರಬೇತುದಾರರು, ಮೈದಾನದ ನಡುವೆ ಆಡುತ್ತಿದ್ದ ನನ್ನನ್ನು ಹಿಂದಕ್ಕೆ ಕರೆದು ನಮ್ಮ ಗೋಲಿನ ಮುಂದೆ ನಿಲ್ಲಿಸಿದರು. ಈ ಸ್ಥಾನ ಹುಟ್ಟಿದ್ದು ಹೇಗೆಂದು ಹುಡುಕಿದಾಗ ದೊರೆತ ವೃತ್ತಾಂತ ಬಹು ಸ್ವಾರಸ್ಯವಾಗಿದೆ.

ಇಂಗ್ಲೆಂಡಿನಲ್ಲಿ 1925ರವರೆಗೆ ರಕ್ಷಣೆಗೆಂದು ಹಿಂದೆ ನಿಲ್ಲುತ್ತಿದ್ದವರು ಇಬ್ಬರೇ ಫುಲ್‌ಬ್ಯಾಕುಗಳು. ಅವರ ಮುಂದೆ ಮೂವರು ಹಾಫ್‌ಬ್ಯಾಕುಗಳು, ಅವರ ಮುಂದೆ ಐವರು ಫಾರ್ವರ್ಡುಗಳು. ಹಾಫ್‌ಬ್ಯಾಕುಗಳ ನಡುವಿನವನೇ ಸೆಂಟರ್ ಹಾಫ್. ಅವನು ತಂಡದ ಯಜಮಾನನಿದ್ದಂತೆ. ದಾಳಿಗೂ ಅವನೇ, ರಕ್ಷಣೆಗೂ ಅವನೇ. ಇಬ್ಬರು ಫುಲ್‌ಬ್ಯಾಕುಗಳಿಂದ ಕೆಲಸ ಸಾಗುತ್ತಿದ್ದುದಕ್ಕೆ ಆಫ್‌ಸೈಡ್ ನಿಯಮವೇ ಕಾರಣ. ಚೆಂಡನ್ನು ಒದೆಯುವ ಹೊತ್ತಿಗೆ ಮುಂದಿರುವ ಆಟಗಾರನಿಗೂ ಎದುರಾಳಿಯ ಗೋಲಿನ ಗೆರೆಗೂ ನಡುವೆ ಎದುರಾಳಿಗಳು ಮೂವರಾದರೂ ಇರಬೇಕಿತ್ತು. ಒಬ್ಬ ಫುಲ್‌ಬ್ಯಾಕ್ ಹಿಂದೆ ಉಳಿದು ಇನ್ನೊಬ್ಬನು ನಾಲ್ಕು ಹೆಜ್ಜೆ ಮುಂದೆ ಬಂದರೆ ಸಾಕು, ದಾಳಿಗಾರ ಆಫ್‌ಸೈಡ್! 1925ರಲ್ಲಿ ಮೂವರನ್ನು ಇಬ್ಬರಿಗೆ ಇಳಿಸಿದರು. ಮೊದಲನೆಯ ಡಿವಿಜನ್ನಿನಲ್ಲಿ ಹಿಂದಿನ ಋತುವಿನಲ್ಲಿ 1,192 ಇದ್ದ ಗೋಲುಗಳು 1,703ಕ್ಕೇರಿದವು.

ಅದೇ ವರ್ಷ ಹರ್ಬರ್ಟ್ ಚಾಪ್ಮನ್ ಎಂಬವರು ಆರ್ಸೆನಲ್ ತಂಡದ ಮ್ಯಾನೇಜರಾಗಿ ಬಂದರು. ಅಕ್ಟೋಬರ್ 3ರಂದು ನ್ಯೂಕ್ಯಾಸಲ್ ತಂಡದೆದುರು 7-0 ಸೋಲು. ಆಟಗಾರ ಚಾರ್ಲಿ ಬುಕನ್ನರ ಸಲಹೆಯನ್ನು ಒಪ್ಪಿ ಚಾಪ್ಮನ್ನರು ಸೆಂಟರ್ ಹಾಫನನ್ನು ಫುಲ್‌ಬ್ಯಾಕುಗಳ ನಡುವೆ ತಂದು ನಿಲ್ಲಿಸಿದರು. ಎದುರಾಳಿಯ ಸೆಂಟರ್ ಫಾರ್ವರ್ಡನನ್ನು ಬಿಡದೆ ಕಾಯುವುದೇ ಅವನ ಕೆಲಸವಾಯಿತು. ಫುಲ್‌ಬ್ಯಾಕುಗಳು ಅಂಚಿಗೆ ಸರಿದು ವಿಂಗರುಗಳನ್ನು ನೋಡಿಕೊಂಡರು. ಮೈದಾನದ ನಡುವೆ ತೆರವಾದ ಜಾಗಕ್ಕೆ ಒಬ್ಬ ಫಾರ್ವರ್ಡ್ ಇಳಿದು ಬಂದ. ಎರಡೇ ದಿನಗಳ ಬಳಿಕ ವೆಸ್ಟ್ ಹ್ಯಾಮ್ ಮೇಲೆ 4-0 ಗೆಲುವು!

ಇದನ್ನೆಲ್ಲ ಮನೆಯಲ್ಲಿ ವಿವರಿಸುವುದು ಸುಲಭವಲ್ಲ. ನನ್ನ ತಂದೆಯವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹೊಲದ ಕೆಲಸದ ದಿನಗಳಲ್ಲೂ ನನ್ನನ್ನು ಪಂದ್ಯಕ್ಕೆ ಕಳುಹಿಸುವ ಅವರು, ಊರಿಗೆ ಹೋದಾಗಲೆಲ್ಲ "ಎಷ್ಟು ಗೋಲು ಹೊಡೆದೆಯಪ್ಪ?" ಎಂದು ಕೇಳುತ್ತಾರೆ. ಒಂದೂ ಇಲ್ಲವೆಂದರೆ ಮುಖ ಸಣ್ಣದಾಗುತ್ತದೆ. ಕಳೆದ ಸಲ, "ಕೆರೆಯ ತೂಬು ಕಾಯುವ ನೀರುಗಂಟಿಯ ಕೆಲಸ ಅಪ್ಪಾ ನನ್ನದು" ಎಂದೆ. ಅವರು ತುಸು ಯೋಚಿಸಿ, "ಹಂಗಾದ್ರೆ ಪೈರು ಒಣಗಿದಾಗಲೇ ನಿನ್ನ ಹೆಸರು ಬರೋದು ಬಿಡು" ಎಂದರು. ಕ್ರೀಡಾ ಪುಸ್ತಕಗಳಲ್ಲಿ ಇಷ್ಟು ಸರಿಯಾದ ವ್ಯಾಖ್ಯಾನವನ್ನು ನಾನು ಕಂಡಿಲ್ಲ.

1926ರಲ್ಲಿ ಆರ್ಸೆನಲ್ ಸೇರಿದ ಹರ್ಬಿ ರಾಬರ್ಟ್ಸ್ ಈ ಕಾಯುವ ಕೆಲಸವನ್ನೇ ವರ್ಷಗಟ್ಟಲೆ ಮಾಡಿದರು. ತಂಡವು 1931ರಲ್ಲಿಯೂ, 1933ರಿಂದ ಸತತವಾಗಿ ಮೂರು ವರ್ಷವೂ ಲೀಗನ್ನು ಗೆದ್ದಿತು. ಇಂಗ್ಲೆಂಡಿನ ಪರವಾಗಿ ಆಡಲು ರಾಬರ್ಟ್ಸರಿಗೆ ದೊರೆತದ್ದು ಒಂದೇ ಒಂದು ಪಂದ್ಯ.