‘ಎಪನೊರ್ಥೋಸಿಸ್’ ಎಂಬ ಗ್ರೀಕ್ ಪದದ ಅರ್ಥವಿಚಾರ

ಪ್ರಾಚೀನ ಗ್ರೀಕ್ ಗ್ರಂಥಗಳಲ್ಲಿ ಬರುವ ‘ಎಪನೊರ್ಥೋಸಿಸ್’ ಎಂಬ ಪದಕ್ಕೆ ‘ತಿದ್ದುವಿಕೆ’ ಎಂದು ಅರ್ಥ ಹೇಳುವುದು ವಾಡಿಕೆ. ಆದರೆ ‘ತಿದ್ದು’ ಎಂಬ ನಮ್ಮ ಮಾತು ದಂಡಿಸಿ ದಾರಿಗೆ ತರುವುದಕ್ಕೂ ಸಲ್ಲುವುದು. ಆ ಛಾಯೆ ಮೂಲದಲ್ಲಿ ಉಂಟೇ ಎಂಬುದು ಇಲ್ಲಿ ವಿಚಾರಣೀಯ.

ವ್ಯುತ್ಪತ್ತಿಯನ್ನು ಮೊದಲು ನೋಡೋಣ. ‘ಒರ್ಥೊಸ್’ ಎಂದರೆ ನೆಟ್ಟಗಿರುವುದು. ಊರ್ಧ್ವ, ಋಜು ಎಂಬೆರಡು ಅರ್ಥಗಳೂ ಅದರಲ್ಲಿವೆ. ‘ಅನ’ ಎಂಬ ಉಪಸರ್ಗಕ್ಕೆ ಮೇಲಕ್ಕೆ, ಮರಳಿ ಎಂದರ್ಥ. ಅದರ ಹಿಂದೆ ‘ಎಪಿ’ ಎಂಬ ಇನ್ನೊಂದು ಉಪಸರ್ಗವು ಸೇರಿದೆ. ಆದುದರಿಂದ ವಾಲಿದುದನ್ನು ಮರಳಿ ನೆಟ್ಟಗೆ ನಿಲ್ಲಿಸುವುದೇ ಯೌಗಿಕಾರ್ಥ. ಶಿಕ್ಷಾರ್ಥಕವಾದ ‘ಕೊಲಸಿಸ್’ ಎಂಬ ಪದವು ಬೇರೆಯೇ ಇದೆ. ಮರದ ಅತಿಬೆಳವಣಿಗೆಯನ್ನು ತಡೆಯುವುದಕ್ಕೂ ಥಿಯೊಫ್ರಾಸ್ಟಸನು ಅದನ್ನು ಪ್ರಯೋಗಿಸಿರುವನು. ಅಲ್ಲಿ ನಿಗ್ರಹವು ಪ್ರಧಾನ. ಇಲ್ಲಿ ಉದ್ಧಾರವು ಪ್ರಧಾನ.

ಈ ಭೇದವು ಅರಿಸ್ಟಾಟಲನಲ್ಲಿ (ಕ್ರಿ. ಪೂ. 384–322) ಸ್ಫುಟವಾಗುವುದು. ನಿಕೊಮೇಕಿಯನ್ ನೀತಿಶಾಸ್ತ್ರದ 5ನೆಯ ಭಾಗದಲ್ಲಿ ಅವನು ಹೇಳುವುದರ ಸಾರವಿಷ್ಟು: ಕಾನೂನು ಸಾಮಾನ್ಯವಾಗಿ ವಿಧಿಸುವುದು; ಲೋಕವ್ಯವಹಾರವು ಸಾಮಾನ್ಯಕ್ಕೆ ಪೂರ್ತಿಯಾಗಿ ಒಳಪಡದು. ಹೀಗಾಗಿ ಕೊರತೆಯುಂಟಾದಲ್ಲಿ ದೋಷವು ಕಾನೂನಿನದೂ ಅಲ್ಲ, ಅದನ್ನು ವಿಧಿಸಿದವನದೂ ಅಲ್ಲ, ವಿಷಯಸ್ವಭಾವದ್ದು. ಶಾಸನಕರ್ತನೇ ಎದುರಿಗಿದ್ದಿದ್ದರೆ ಏನು ಹೇಳುತ್ತಿದ್ದನೋ ಅದನ್ನು ಹೇಳಿ ಕೊರತೆಯನ್ನು ತುಂಬಬೇಕು. ಇದಕ್ಕೆ ಅವನು ಇದೇ ಧಾತುವಿನ ‘ಎಪನೊರ್ಥೋಮ’ ಎಂಬ ಶಬ್ದವನ್ನು ಪ್ರಯೋಗಿಸಿರುವನು. ಲೆಸ್ಬೊಸಿನ ಕಟ್ಟಡಗಾರರ ಸೀಸದ ಅಳತೆಪಟ್ಟಿ ಅವನು ಕೊಡುವ ದೃಷ್ಟಾಂತ: ಅದು ಕಲ್ಲಿನ ಆಕಾರಕ್ಕೆ ತಕ್ಕಂತೆ ಬಾಗುವುದು.

ವ್ಯಾಕರಣಾಭ್ಯಾಸಿಗಳಿಗೆ ಇಲ್ಲಿ ಉತ್ಸರ್ಗಾಪವಾದನ್ಯಾಯವು ನೆನಪಾಗಬಹುದು. ಆದರೆ ಅಪವಾದವನ್ನು ಸೂತ್ರಕಾರನೇ ವಿಧಿಸಿರುವನು. ಇಲ್ಲಿಯಾದರೋ ಶಾಸನಕರ್ತನು ಕಾಣದೆ ಬಿಟ್ಟುದನ್ನು ಇನ್ನೊಬ್ಬನು ಪೂರೈಸಬೇಕಾಗಿದೆ. ಆದುದರಿಂದ ವಾರ್ತಿಕಕಾರನು ಮಾಡುವ ಅನುಕ್ತಚಿಂತೆಯೇ ಇದಕ್ಕೆ ಹತ್ತಿರವಾದುದು.

ಇತರ ಪ್ರಯೋಗಗಳೂ ಇದಕ್ಕೆ ವಿರುದ್ಧವಾಗಿಲ್ಲ. ಅಲಂಕಾರಶಾಸ್ತ್ರದಲ್ಲಿ, ಆಡಿದ ಮಾತನ್ನು ಹಿಂದೆಗೆದು ಹೆಚ್ಚು ತಕ್ಕ ಮಾತನ್ನಿಡುವುದಕ್ಕೆ ಈ ಹೆಸರುಂಟು. ಲ್ಯಾಟಿನರು ಅದನ್ನು ‘ಕೊರೆಕ್ಟಿಯೊ’ ಎಂದರು. ಕ್ರೈಸ್ತರ ಹೊಸ ಒಡಂಬಡಿಕೆಯಲ್ಲಿ ಈ ಪದವು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ ಒಮ್ಮೆ ಮಾತ್ರ ಬಂದಿದೆ. ಅಲ್ಲಿ ತಪ್ಪನ್ನು ಎತ್ತಿತೋರಿಸುವುದಕ್ಕೆ ಬೇರೆ ಪದವನ್ನಿಟ್ಟ ಮೇಲೆ ಇದು ಬರುವುದು.

ಹೀಗಿರಲು ‘ನೇರ್ಪಡಿಸುವಿಕೆ’ ಎಂಬುದು ತಕ್ಕ ಪರ್ಯಾಯವೆಂದು ತೋರುತ್ತದೆ. ಮೂಲದ ಋಜುತ್ವವು ಅದರ ‘ನೇರ್’ ಎಂಬುದರಲ್ಲಿ ಉಳಿಯುವುದು. ‘ಶಿಕ್ಷೆ’ ಎಂದು ಪಾಠ ಹೇಳಿದರೆ, ಕಾನೂನಿನ ಕಾಠಿನ್ಯವನ್ನು ತಗ್ಗಿಸಲು ಅರಿಸ್ಟಾಟಲನು ಬಳಸಿದ ಶಬ್ದವೇ ವಿದ್ಯಾರ್ಥಿಯ ಬುದ್ಧಿಯಲ್ಲಿ ಆ ಕಾಠಿನ್ಯಕ್ಕೆ ಹೆಸರಾಗಿ ನಿಲ್ಲುವುದು.