ಕೊಯ್ಯಲೆಂದೇ ಬೆಳೆದ ಹೂ

ವಸಂತವರ್ಣನೆ ಇಲ್ಲದ ಮಹಾಕಾವ್ಯ ನಮ್ಮಲ್ಲಿ ದುರ್ಲಭ. ಅಷ್ಟಾದಶ ವರ್ಣನೆಗಳಲ್ಲಿ ಋತುವಿಗೆ ಸಲ್ಲಬೇಕಾದ ಸ್ಥಾನ ಎಂದಿಗೂ ಸಂದೇ ಇದೆ. ಆ ವರ್ಣನೆಗಳನ್ನು ಬಹುಕಾಲ ತರಗತಿಗಳಲ್ಲಿ ವಿವರಿಸಿ, ನಿವೃತ್ತನಾದ ಮೇಲೆ ಗಾವಡಗೆರೆಯ ಮನೆಯಂಗಳದಲ್ಲಿ ಗುದ್ದಲಿ ಹಿಡಿದ ನನಗೆ ಒಂದು ಸಂಗತಿ ಬೇಗನೆ ಗೋಚರವಾಯಿತು. ನಮ್ಮ ಕವಿಗಳ ವಸಂತ ಬಹುಮಟ್ಟಿಗೆ ಮರದ ಮೇಲೆ, ಬಳ್ಳಿಯ ಮೇಲೆ ಇಳಿಯುವ ವಸಂತ. ಮಾವು, ಅಶೋಕ, ಸಂಪಿಗೆ, ಸುರಗಿ, ಮಲ್ಲಿಗೆ ಇವೇ ಅದರ ಪರಿವಾರ. ತರುಣಿಯ ಪಾದಾಘಾತದಿಂದ ಅಶೋಕ ಅರಳುತ್ತದೆಂಬ ಕವಿಸಮಯವೂ ಮರಕ್ಕೇ ಸಂಬಂಧಿಸಿದ್ದು. ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಬನವಾಸಿಯಲ್ಲಿ ಹುಟ್ಟಬಯಸಿದ ಪಂಪನ ಕಣ್ಣ ಮುಂದೆ ಇದ್ದದ್ದೂ ನಂದನವನವೇ. ನೆಲದಿಂದ ಮೊಳಕಾಲೆತ್ತರ ಬೆಳೆದು, ದಂಟಿನ ತುದಿಯಲ್ಲಿ ಹೂವನ್ನೆತ್ತಿ ಹಿಡಿಯುವ ಸಣ್ಣ ಗಿಡಕ್ಕೆ ಈ ವೈಭವದಲ್ಲಿ ಸ್ಥಳವಿಲ್ಲ.

ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ 1926ರಲ್ಲಿ ಬಂದಾಗ ಅದರೊಡನೆ ಇನ್ನೊಂದು ವಸಂತವೂ ನಮ್ಮ ನಾಲಗೆಗೆ ಬಂದಿತು. ಹದಿನಾರನೆಯ ಶತಮಾನದ ಥಾಮಸ್ ನ್ಯಾಷ್ ಎಂಬ ಇಂಗ್ಲಿಷ್ ಕವಿಯ ವಸಂತಗೀತೆಯನ್ನು ಅವರು ಎಷ್ಟು ಸಹಜವಾಗಿ ಕನ್ನಡಿಸಿದರೆಂದರೆ, ಅದು ಆಂಗ್ಲ ದೇಶದ ಋತುವೆಂಬುದೇ ನಮಗೆ ಮರೆತುಹೋಯಿತು. ಆ ದೇಶದಲ್ಲಿ ವಸಂತವೆಂದರೆ ಚಳಿಗೆ ಮರಗಟ್ಟಿದ ನೆಲ ಸಡಿಲಗೊಳ್ಳುವ ಕಾಲ. ಮಣ್ಣಿನೊಳಗೆ ಮಲಗಿದ್ದ ಡ್ಯಾಫೊಡಿಲ್, ಟ್ಯೂಲಿಪ್ ಗೆಡ್ಡೆಗಳು ಆಗ ಎಚ್ಚರಗೊಳ್ಳುತ್ತವೆ. ಈ ಗೆಡ್ಡೆಗಳು ಹಲವು ವಾರಗಳ ಕಾಲ ಕೊರೆಯುವ ಶೀತವನ್ನು ಅನುಭವಿಸದಿದ್ದರೆ ಸರಿಯಾಗಿ ಹೂ ಬಿಡುವುದಿಲ್ಲ. ಹುಣಸೂರು ಸೀಮೆಯಲ್ಲಿ ಅಂತಹ ಶೀತವನ್ನು ತರುವುದೆಲ್ಲಿಂದ? ವರ್ಡ್ಸ್‌ವರ್ತ್ ಕವಿಯ ಡ್ಯಾಫೊಡಿಲ್ ಪದ್ಯವನ್ನು ನಮ್ಮ ಎಷ್ಟೋ ತಲೆಮಾರಿನ ಮಕ್ಕಳು ಆ ಹೂವನ್ನು ಕಾಣದೆಯೇ ಕಂಠಪಾಠ ಮಾಡಿದರು; ಮನೆಯ ಹಿಂದೆ ಮುತ್ತುಗ ಕೆಂಡದಂತೆ ಅರಳಿದ್ದುದನ್ನು ಯಾರೂ ಅವರಿಗೆ ತೋರಿಸಲಿಲ್ಲ.

ನಮ್ಮ ವಸಂತ ಮರವನ್ನೇಕೆ ಆರಿಸಿಕೊಂಡಿತು ಎಂಬುದಕ್ಕೆ ಕಾರಣ ನೀರಿನಲ್ಲಿದೆ. ಸ್ವಾತಿ ಮಳೆ ಮುಗಿದ ಮೇಲೆ ಇಲ್ಲಿಯ ಕೆಂಪುನೆಲ ಮೇಲಿನಿಂದ ಕೆಳಕ್ಕೆ ಒಣಗುತ್ತ ಹೋಗುತ್ತದೆ. ಫಾಲ್ಗುಣದ ಹೊತ್ತಿಗೆ ಒಂದು ಮೊಳದಷ್ಟು ಆಳದಲ್ಲಿಯೂ ತೇವ ಸಿಕ್ಕುವುದು ಕಷ್ಟ. ಹೊಂಗೆ, ಬೇವು, ಮಾವುಗಳ ಬೇರು ಅದಕ್ಕಿಂತ ಎಷ್ಟೋ ಕೆಳಗಿರುತ್ತದೆ. ಮುತ್ತುಗ, ಬೂರುಗಗಳಂತೂ ಎಲೆಯನ್ನೆಲ್ಲ ಉದುರಿಸಿ ಖರ್ಚು ತಗ್ಗಿಸಿಕೊಂಡು, ಉಳಿಸಿದ್ದನ್ನೆಲ್ಲ ಹೂವಿಗೆ ಸುರಿಯುತ್ತವೆ. ಒಂದೇ ಋತು ಬದುಕುವ ಸಣ್ಣ ಗಿಡಕ್ಕೆ ಅಷ್ಟು ಆಳದ ಬೇರೂ ಇಲ್ಲ, ಕೂಡಿಟ್ಟ ಗಂಟೂ ಇಲ್ಲ. ಆದ್ದರಿಂದ ಯುಗಾದಿಯ ದಿನ ಹೂದಾನಿಯಲ್ಲಿಡಲು ನೀಳದಂಟಿನ ಹೂ ಬೇಕೆನ್ನುವವರು ಯುಗಾದಿಗೆ ಕಾಯಬಾರದು. ಹಸ್ತ, ಚಿತ್ತೆ ಮಳೆಗಳು ಸುರಿಯುತ್ತಿರುವಾಗಲೇ ಬೀಜ ಕೈಯಲ್ಲಿರಬೇಕು.

ಮೊದಲ ಹೂ ಆಸ್ಟರ್. ಇದು ಚೀನಾ ಮೂಲದ್ದು. ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಹೊರತಂದ ಕಾಮಿನಿ, ಪೂರ್ಣಿಮಾ, ಶಶಾಂಕ್ ಎಂಬ ತಳಿಗಳು ಈ ಹವೆಗೆ ಚೆನ್ನಾಗಿ ಹೊಂದಿಕೊಂಡಿವೆ. ಏರುಮಡಿಯಲ್ಲಿ ಬೀಜ ಉದುರಿಸಿ, ಜರಡಿ ಹಿಡಿದ ಗೊಬ್ಬರವನ್ನು ತೆಳ್ಳಗೆ ಮುಚ್ಚಿ, ಮೇಲೆ ಹುಲ್ಲು ಹಾಸಬೇಕು. ಮೊಳಕೆ ಕಂಡೊಡನೆ ಹುಲ್ಲು ತೆಗೆಯಬೇಕು. ಒಂದು ತಿಂಗಳು ದಾಟಿದ ಸಸಿಯನ್ನು ಅಡಿಗೊಂದರಂತೆ ನಾಟಿ ಮಾಡಿದರೆ, ಬಿತ್ತಿದ ಮೂರು ಮೂರೂವರೆ ತಿಂಗಳಿಗೆ ಹೂ. ಎಲ್ಲ ಬೀಜವನ್ನೂ ಒಂದೇ ದಿನ ಬಿತ್ತುವುದು ಜಾಣತನವಲ್ಲ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಜರ್ಮನಿಯ ಕೃಂಬಿಗಲ್ ಅವರು ಬೆಂಗಳೂರಿನ ಬೀದಿಗಳಲ್ಲಿ ಒಂದು ಮರದ ಹೂ ಮುಗಿಯುವಾಗ ಇನ್ನೊಂದರದು ಆರಂಭವಾಗುವಂತೆ ಸಾಲುಮರಗಳನ್ನು ಯೋಜಿಸಿದರೆಂದು ಹೆಸರಾದವರು. ಅವರು ಊರಿಗೆ ಮಾಡಿದ್ದನ್ನು ನಾವು ನಾಲ್ಕು ಮಡಿಗಳಿಗೆ ಮಾಡಿಕೊಳ್ಳಬಹುದು. ಹದಿನೈದು ದಿನಕ್ಕೊಂದು ಮಡಿ ಬಿತ್ತಿದರೆ ಪುಷ್ಯದಿಂದ ಚೈತ್ರದವರೆಗೆ ಹೂವಿನ ಸರಣಿ ತುಂಡಾಗುವುದಿಲ್ಲ.

ಜಿನ್ನಿಯಾ ಇದಕ್ಕಿಂತ ಸುಲಭದ್ದು, ಬಿಸಿಲಿಗೆ ಅಂಜದ್ದು. ಸಂಕ್ರಾಂತಿ ಕಳೆದು ಹತ್ತು ಹದಿನೈದು ದಿನಕ್ಕೆ ನೇರವಾಗಿ ಮಡಿಯಲ್ಲೇ ಬಿತ್ತಿದರೆ ಯುಗಾದಿಯ ಆಸುಪಾಸಿಗೆ ಅರಳುತ್ತದೆ. ನೀರನ್ನು ಬುಡಕ್ಕೆ ಹಾಕಬೇಕು. ಎಲೆ ಸದಾ ಒದ್ದೆಯಾದರೆ ರೋಗ ತಗಲುತ್ತದೆ. ಸುಗಂಧರಾಜದ ಗೆಡ್ಡೆ ನೆಟ್ಟ ಸುಮಾರು ಮೂರು ತಿಂಗಳಿಗೆ ಹೂದಂಡು ಏಳುತ್ತದೆ. ಹೂದಾನಿಗೆ ಸುತ್ತುದಳದ ಸುವಾಸಿನಿ, ವೈಭವ್ ತಳಿಗಳು ಒಳ್ಳೆಯವು. ಹಾರ ಕಟ್ಟಲು ಒಂಟಿದಳದ ಶೃಂಗಾರ್, ಪ್ರಜ್ವಲ್. ಸುಗಂಧರಾಜ, ಜಿನ್ನಿಯಾ, ಡೇಲಿಯಾ, ಕೊನೆಗೆ ನಮ್ಮ ಆಯುಧಪೂಜೆಗೆ ಅನಿವಾರ್ಯವಾದ ಚೆಂಡುಹೂ ಕೂಡ ಮೆಕ್ಸಿಕೋ ಕಡೆಯಿಂದ ಬಂದವು ಎಂದರೆ ಕೆಲವರು ಮುನಿಸಿಕೊಳ್ಳುತ್ತಾರೆ. ಮುನಿಸೇಕೆ? ಮೆಣಸಿನಕಾಯಿಯೂ ಅದೇ ದಿಕ್ಕಿನಿಂದ ಬಂದದ್ದು.

ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಸಸಿಮಡಿಯ ವಿದ್ಯೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ಇದು ಹೊಗೆಸೊಪ್ಪಿನ ಸೀಮೆ. ಆ ಬೆಳೆಯ ಗುಣದೋಷಗಳ ವಿಚಾರಣೆ ಬೇರೊಂದು ಭಾಷಣದ ಮಾತು. ಆದರೆ ಸಾಸಿವೆಗಿಂತಲೂ ಸಣ್ಣ ಬೀಜವನ್ನು ಮಡಿಯಲ್ಲೆಬ್ಬಿಸಿ ಹೊಲಕ್ಕೆ ದಾಟಿಸಬಲ್ಲ ಕೈಗೆ ಆಸ್ಟರ್ ಏನು ಮಹಾ? ಆ ರೈತ ಇನ್ನೊಂದನ್ನೂ ಬಲ್ಲ. ಹೊಗೆಸೊಪ್ಪಿನ ಗಿಡ ಮೊಗ್ಗಿಗೆ ಬಂದೊಡನೆ ಅದರ ಕುಡಿಯನ್ನು ಮುರಿಯುತ್ತಾನೆ. ಹೂವಿಗೂ ಬೀಜಕ್ಕೂ ಹೋಗಬೇಕಾಗಿದ್ದ ಸತ್ವ ಎಲೆಗೆ ಹೋಗಲೆಂಬುದು ಅವನ ಲೆಕ್ಕ. ಕುಡಿ ಮುರಿದ ಮೇಲೆ ಎಲೆಯ ಸಂದುಗಳಿಂದ ಕವಲುಗಳು ನುಗ್ಗುತ್ತವೆ. ಅವನ್ನೂ ಅವನು ತೆಗೆಯುತ್ತಾನೆ. ಹೂವಾಡಿಗನಿಗೆ ಬೇಕಾದದ್ದು ಆ ಕವಲುಗಳೇ. ತುದಿಯ ಕುಡಿ ಇರುವವರೆಗೆ ಅಲ್ಲಿಂದ ಇಳಿದುಬರುವ ಒಂದು ರಸ ಕೆಳಗಿನ ಕಣ್ಣುಗಳನ್ನು ಮಲಗಿಸಿರುತ್ತದೆ. ತುದಿ ಹೋದೊಡನೆ ಅವು ಏಳುತ್ತವೆ. ಆದ್ದರಿಂದ ಆಸ್ಟರನ್ನು ನಾಟಿ ಮಾಡಿದ ಒಂದು ತಿಂಗಳಿಗೆ ತುದಿಯನ್ನು ಉಗುರಿನಿಂದ ಚಿವುಟಿದರೆ ಒಂದು ದಂಟಿದ್ದ ಕಡೆ ನಾಲ್ಕಾರು ದಂಟು. ಒಂದು ಎಚ್ಚರಿಕೆ: ಹೊಗೆಸೊಪ್ಪು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಪೆಟೂನಿಯಾ ಸಸಿಯನ್ನು ಮುಟ್ಟಬಾರದು. ಅವೆರಡೂ ಒಂದೇ ಕುಲದವು. ಎಲೆಯ ಮೇಲೆ ಮಚ್ಚೆಯೆಬ್ಬಿಸುವ ನಂಜು ಬೆರಳಿನ ಮೂಲಕವೇ ದಾಟುತ್ತದೆ.

ಯುಗಾದಿಗೆ ಅಂಗಳದಲ್ಲಿ ಸೇವಂತಿಗೆ ಏಕಿಲ್ಲ ಎಂದು ಕೇಳುವವರುಂಟು. ಇದಕ್ಕೆ ಉತ್ತರವೂ ಹೊಗೆಸೊಪ್ಪಿನಿಂದಲೇ ದೊರೆತದ್ದೊಂದು ಸೋಜಿಗ. ಅಮೆರಿಕದಲ್ಲಿ ಮೇರಿಲ್ಯಾಂಡ್ ಮ್ಯಾಮತ್ ಎಂಬ ಹೊಗೆಸೊಪ್ಪಿನ ತಳಿ ಬೇಸಗೆಯಲ್ಲಿ ಆಳೆತ್ತರ ಮೀರಿ ಬೆಳೆದರೂ ಹೂ ಬಿಡುತ್ತಿರಲಿಲ್ಲ. ಚಳಿಗಾಲದಲ್ಲಿ ಗಾಜಿನ ಮನೆಯೊಳಗೆ ಗಿಡ್ಡಗಿರುವಾಗಲೇ ಹೂ ಬಿಡುತ್ತಿತ್ತು. ಗಾರ್ನರ್ ಮತ್ತು ಅಲಾರ್ಡ್ ಎಂಬ ಇಬ್ಬರು ವಿಜ್ಞಾನಿಗಳು ಇದನ್ನು ಬೆಂಬತ್ತಿ, ಹೂಬಿಡುವ ಕಾಲವನ್ನು ನಿರ್ಣಯಿಸುವುದು ಹಗಲಿನ ಉದ್ದವೆಂದು 1920ರಲ್ಲಿ ಪ್ರಕಟಿಸಿದರು. ಗಿಡ ನಿಜವಾಗಿ ಅಳೆಯುವುದು ಇರುಳಿನ ಉದ್ದವನ್ನೆಂದು ಆಮೇಲೆ ತಿಳಿಯಿತು. ಸೇವಂತಿಗೆ ಇಂತಹ ದೀರ್ಘರಾತ್ರಿಯ ಗಿಡ. ಇರುಳು ಬೆಳೆಯತೊಡಗಿದಾಗ ಅದು ಮೊಗ್ಗು ಕಟ್ಟುತ್ತದೆ. ಕಾರ್ತಿಕ, ಮಾರ್ಗಶಿರಗಳು ಅದರ ಕಾಲ. ಬೀದಿದೀಪದ ಪ್ರಖರವಾದ ಬೆಳಕು ರಾತ್ರಿಯೆಲ್ಲ ಮೈಮೇಲೆ ಬೀಳುವ ಸೇವಂತಿಗೆ ಸೊಂಪಾಗಿ ಎಲೆ ಬಿಟ್ಟು ಹೂವಿಗೆ ಮಾತ್ರ ತಡಮಾಡುತ್ತದೆ. ಗೊಬ್ಬರ ಸಾಲದೆಂದು ಸುರಿಯುವವರು ಒಮ್ಮೆ ತಲೆಯೆತ್ತಿ ದೀಪವನ್ನು ನೋಡಬೇಕು.

ಇನ್ನು ಕೊಯ್ಯುವ ಮಾತು. ಇಲ್ಲಿ ಸಹೃದಯರಾದ ತಮ್ಮಲ್ಲಿ ಅನೇಕರು ನನ್ನೊಡನೆ ಜಗಳಕ್ಕೆ ಬರುವರೆಂದು ಬಲ್ಲೆ. ತೆಲುಗಿನಲ್ಲಿ ‘ಕರುಣಶ್ರೀ’ ಜಂಧ್ಯಾಲ ಪಾಪಯ್ಯಶಾಸ್ತ್ರಿಗಳ ‘ಪುಷ್ಪವಿಲಾಪಮು’ ಎಂಬ ಪ್ರಸಿದ್ಧ ಖಂಡಕಾವ್ಯವಿದೆ. ಪೂಜೆಗೆಂದು ಹೂ ಬಿಡಿಸಲು ಹೋದವನಿಗೆ ಹೂಗಳೇ ತಮ್ಮನ್ನು ಕೊಲ್ಲಬೇಡವೆಂದು ಮೊರೆಯಿಡುತ್ತವೆ. ಘಂಟಸಾಲರ ಕಂಠದಲ್ಲಿ ಅದನ್ನು ಕೇಳಿದವರು ಆಮೇಲೆ ಕೆಲದಿನ ಕತ್ತರಿ ಹಿಡಿಯಲಾರರು. ನನ್ನ ಮನೆಯಲ್ಲಿಯೂ ಈ ವಾದ ವರ್ಷವರ್ಷ ನಡೆಯುತ್ತದೆ. ದೇವರಿಗಾದರೆ ಕೊಯ್ಯಬಹುದು, ಮುಡಿಯಲು ಕೊಯ್ಯಬಹುದು, ಬರಿದೆ ನೋಡಲು ಒಂದು ಪಾತ್ರೆಯಲ್ಲಿಡುವುದಕ್ಕೆ ಕೊಯ್ಯಬಾರದೆಂಬುದು ನನ್ನ ಮನೆಯಾಕೆಯ ನಿಲುವು. ಆ ನಿಲುವಿನ ಹಿಂದಿನ ಸಂಸ್ಕಾರವನ್ನು ನಾನು ಗೌರವಿಸುತ್ತೇನೆ. ಆದರೆ ಗಿಡದ ಪಕ್ಷದಿಂದ ನೋಡಿದರೆ ವಾದ ಬೇರೆಯಾಗುತ್ತದೆ. ಒಂದೇ ಋತು ಬಾಳುವ ಗಿಡ ಹೂ ಬಿಡುವುದು ಬೀಜಕ್ಕಾಗಿ. ಬೀಜ ಬಲಿಯಿತೋ, ಅದರ ಕಾರ್ಯ ಮುಗಿಯಿತು. ಎಲೆ ಹಳದಿಯಾಗಿ ಬಾಡತೊಡಗುತ್ತದೆ. ಅರಳಿದ ಜಿನ್ನಿಯಾವನ್ನು ಜೋಡೆಲೆಯ ಮೇಲಕ್ಕೆ ಕತ್ತರಿಸಿದರೆ ಆ ಎರಡು ಎಲೆಗಳ ಸಂದಿನಿಂದ ಎರಡು ಕವಲು ಬರುತ್ತವೆ. ಕೊಯ್ಯದೆ ದಯೆ ತೋರಿದ ಮಡಿ ಬೇಗ ಮುಪ್ಪಾಗುತ್ತದೆ; ದಿನಬಿಟ್ಟು ದಿನ ಕೊಯ್ದ ಮಡಿ ಬಹುಕಾಲ ತರುಣವಾಗಿರುತ್ತದೆ. ಕವಿಯ ಕರುಣೆ ಸುಳ್ಳಲ್ಲ. ಅದು ಹೂವಿನ ಪರವಾಗಿ ಆಡಿದ ಮಾತು, ಗಿಡದ ಪರವಾಗಿ ಅಲ್ಲ.

ನಮ್ಮವರಿಗೆ ಹೂ ಬಿಡಿಸುವುದು ಗೊತ್ತು, ದಂಟು ಕತ್ತರಿಸುವುದು ಅಷ್ಟಾಗಿ ಗೊತ್ತಿಲ್ಲ. ಮಲ್ಲಿಗೆಯನ್ನು ಮೊಗ್ಗಾಗಿರುವಾಗಲೇ ಬಿಡಿಸಿ, ಮೊಳದಲ್ಲಿ ಅಳೆದು, ಸಂಜೆ ಮುಡಿಯಲ್ಲಿ ಅರಳಿಸಿಕೊಳ್ಳುವ ಜನ ನಾವು. ಕೆ.ಎಸ್. ನರಸಿಂಹಸ್ವಾಮಿಗಳ 1942ರ ಕವನಸಂಕಲನಕ್ಕೆ ‘ಮೈಸೂರ ಮಲ್ಲಿಗೆ’ ಎಂಬುದಲ್ಲದೆ ಬೇರೆ ಹೂವಿನ ಹೆಸರು ಒಪ್ಪುತ್ತಿತ್ತೇ? ಹೂದಾನಿಯ ಕ್ರಮ ಬೇರೆ. ದಂಟಿನಲ್ಲಿ ನೀರು ತುಂಬಿರುವ ನಸುಕಿನಲ್ಲಿ, ಹರಿತವಾದ ಚೂರಿಯಿಂದ ಕೊಯ್ದು, ಬಕೆಟ್ಟಿನ ನೀರಿಗೆ ಆಗಲೇ ಇಳಿಸಬೇಕು. ತಡಮಾಡಿದರೆ ದಂಟಿನ ಸೂಕ್ಷ್ಮ ನಾಳಗಳಿಗೆ ಗಾಳಿ ಹೊಕ್ಕು, ಆಮೇಲೆ ಎಷ್ಟು ನೀರಿನಲ್ಲಿಟ್ಟರೂ ಮೇಲಕ್ಕೇರದು. ಮನೆಗೆ ತಂದ ಮೇಲೆ ನೀರಿನೊಳಗೇ ಹಿಡಿದು ತುದಿಯನ್ನು ಇನ್ನೊಮ್ಮೆ ಓರೆಯಾಗಿ ಕತ್ತರಿಸುವುದು ಇದಕ್ಕಾಗಿಯೇ. ಸುಗಂಧರಾಜವನ್ನು ಕೆಳಗಿನ ಒಂದೆರಡು ಜೊತೆ ಹೂ ಅರಳಿದಾಗ ಕೊಯ್ದರೆ ಉಳಿದವು ಒಳಗೆ ಅರಳುತ್ತವೆ. ಗುಲಾಬಿಯನ್ನು ಹೊರದಳ ಸಡಿಲಿಸಿದ ಮೊಗ್ಗಿನಲ್ಲಿ, ಆಸ್ಟರ್, ಜಿನ್ನಿಯಾಗಳನ್ನು ಪೂರ್ತಿ ಅರಳಿದ ಮೇಲೆ. ಜಿನ್ನಿಯಾದ ದಂಟನ್ನು ಹಿಡಿದು ಅಲುಗಿಸಿದಾಗ ಕೊರಳು ಓಲಾಡಿದರೆ ಇನ್ನೂ ಎಳಸು. ನೆಟ್ಟಗೆ ನಿಂತರೆ ಸಿದ್ಧ.

ನೀರಿನೊಳಗೆ ಒಂದು ಎಲೆಯೂ ಉಳಿಯಬಾರದು. ಕೊಳೆತರೆ ಅಣುಜೀವಿಗಳು ಹೆಚ್ಚಿ ನಾಳಗಳು ಕಟ್ಟುತ್ತವೆ. ದಿನವೂ ನೀರು ಬದಲಿಸಿ, ಚಿಟಿಕೆ ಸಕ್ಕರೆಯನ್ನೂ ನಾಲ್ಕು ತೊಟ್ಟು ನಿಂಬೆರಸವನ್ನೂ ಹಾಕಬಹುದು. ಮಾಗಿದ ಬಾಳೆಹಣ್ಣಿನ ಚಿಪ್ಪಿನ ಪಕ್ಕದಲ್ಲಿ ಮಾತ್ರ ಹೂದಾನಿಯನ್ನು ಇಡಬಾರದು. ಹಣ್ಣು ಮಾಗುವಾಗ ಹೊಮ್ಮುವ ಎಥಿಲೀನ್ ಎಂಬ ಅನಿಲ ಹೂವನ್ನೂ ಮಾಗಿಸಿಬಿಡುತ್ತದೆ, ಎಂದರೆ ಮುದಿಯಾಗಿಸುತ್ತದೆ. ಹಬ್ಬದ ದಿನ ನಮ್ಮ ಮನೆಗಳಲ್ಲಿ ಎರಡನ್ನೂ ಒಂದೇ ಮೇಜಿನ ಮೇಲೆ ಜೋಡಿಸುವುದು ವಾಡಿಕೆ.

ಚೈತ್ರ ಕಳೆಯುತ್ತ ಬಂದಂತೆ ನೀರಿನ ಪ್ರಶ್ನೆ ಎದುರಾಗುತ್ತದೆ. ಕುಡಿಯುವ ನೀರಿಗೆ ಕೊಡ ಹಿಡಿದು ನಿಲ್ಲುವ ನೆರೆಹೊರೆಯಲ್ಲಿ ಹೂವಿನ ಮಡಿಗೆ ಕೊಳವೆ ಹಿಡಿಯುವುದು ನನಗೆ ಸರಿಬೀಳದು. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ನಾಲ್ಕು ಮಡಿಗಳಿಗೆ ಸಂಜೆಯ ಹೊತ್ತು ಸಾಲುತ್ತದೆ, ರಾಗಿಹುಲ್ಲನ್ನು ಬುಡಕ್ಕೆ ದಪ್ಪನಾಗಿ ಹಾಸಿದ್ದರೆ. ಅದೂ ಸಾಲದ ವರ್ಷ ಆಸ್ಟರನ್ನು ಕಿತ್ತು ಗೊಬ್ಬರದ ಗುಂಡಿಗೆ ಹಾಕಿ, ಸುಗಂಧರಾಜವನ್ನಷ್ಟೇ ಉಳಿಸಿಕೊಳ್ಳುತ್ತೇನೆ. ಅದರ ಗೆಡ್ಡೆ ಮರಿಹಾಕುತ್ತ ಎರಡು ಮೂರು ವರ್ಷ ಅದೇ ಜಾಗದಲ್ಲಿ ಹೂ ಕೊಡುತ್ತದೆ. ಕಿತ್ತುಹಾಕುವ ಮುನ್ನ ಒಳ್ಳೆಯ ಎರಡು ಆಸ್ಟರ್ ಗಿಡಗಳಿಗೆ ಗುರುತಿನ ದಾರ ಕಟ್ಟಿ, ಅವುಗಳ ಹೂವನ್ನು ಕೊಯ್ಯದೆ ಬೀಜಕ್ಕೆ ಬಿಡಬೇಕು. ಒಣಗಿದ ಬೀಜವನ್ನು ಬಿಗಿಮುಚ್ಚಳದ ಸೀಸೆಯಲ್ಲಿ ತಂಪಾದೆಡೆ ಇಟ್ಟು, ಬರುವ ಹಸ್ತ ಮಳೆಗೇ ಬಿತ್ತಿ ಮುಗಿಸಬೇಕು. ಆಸ್ಟರ್ ಬೀಜಕ್ಕೆ ಮೊಳೆಯುವ ಶಕ್ತಿ ಬಹಳ ಕಾಲ ಉಳಿಯುವುದಿಲ್ಲ.