ಬೇಕಾಗಿದ್ದಾರೆ: ಒಂದು ತಿಂಗಳಿಗೆ ಅರ್ಜಿ ಬರೆಯುವವರು!

ಹಿರೇಕೆರೂರಿನಿಂದ ಹೊರಟ ಬಸ್ಸಿನಲ್ಲಿ ಸೀಟು ಸಿಗದೆ ಕಂಬ ಹಿಡಿದು ನಿಂತಿದ್ದೆ. ಪಕ್ಕದ ತರುಣ ಕಿವಿಯ ಹತ್ತಿರ ಬಾಗಿ ಕೇಳಿದ: “ಅಣ್ಣಾರ, ನೀವು ಪೇಪರಿನವರಲ್ಲ? ಒಂದು ತಿಂಗಳ ಮಟ್ಟಿಗೆ ಇಂಗ್ಲಿಷ್‌ನಾಗ ಅರ್ಜಿ ಬರಿಯೋರು ಯಾರರ ಇದ್ರ ಹೇಳ್ರಿ.”

ಪಹಣಿ ತಿದ್ದುಪಡಿಗೋ, ಜಾತಿ ಸರ್ಟಿಫಿಕೇಟಿಗೋ ಇರಬೇಕು ಅಂದುಕೊಂಡೆ. ಅಲ್ಲವಂತೆ. ಮಳೆಗೆ ಮನೆ ಬಿದ್ದು ಬೀಗರ ಪಡಸಾಲೆ, ತಗಡಿನ ಶೆಡ್ಡು ಎಂದು ದಿನ ದೂಡುವ ಕುಟುಂಬಗಳಿಗೆ ನೆರವು ಕೇಳುವ ಅರ್ಜಿ. ಕೇಳುವುದು ಸರಕಾರವನ್ನಲ್ಲ, ಒಂದು ಕಂಪನಿಯನ್ನು. ಇಂಥ ಅರ್ಜಿಗೆ ‘ಪ್ರಪೋಸಲ್’ ಅಂತಾರೆ. ಬರೆಯುವವರಿಗೆ ‘ಪ್ರಪೋಸಲ್ ರೈಟರ್’. ತಹಸೀಲ್ದಾರ ಕಚೇರಿ ಮುಂದೆ ಟೇಬಲ್ ಹಾಕಿ ಕೂತ ನಮ್ಮ ಅರ್ಜಿ ಬರೆಯುವ ಯಜಮಾನರ ಇಂಗ್ಲಿಷ್ ಅವತಾರ ಅನ್ನಿ.

ತರುಣನ ಸಂಗಡ ನಾನೂ ಅಬಲೂರಿಗೆ ಇಳಿದೆ. ಚಹಾದಂಗಡಿಯಲ್ಲಿ ಅವನ ಗೆಳೆಯರು ನಾಲ್ಕು ಜನ, ನಡುವೆ ಒಂದು ಫೈಲು. ಸಂಸ್ಥೆ ಎಂದರೆ ಇಷ್ಟೇ. ಒಂದು ವರ್ಷದ ಹಿಂದೆ ಇವರು ಒಬ್ಬ ರೈಟರನ್ನು ಹಿಡಿದಿದ್ದರು. ಫೋನಿನಲ್ಲೇ ಮಾತು, ಫೋನಿನಲ್ಲೇ ಮುಂಗಡ. ಆಸಾಮಿ ಊರಿಗೆ ಕಾಲಿಡಲೇ ಇಲ್ಲ. ಬರೆದು ಕಳಿಸಿದ ಅರ್ಜಿಯ ಖರ್ಚಿನ ಪಟ್ಟಿಯಲ್ಲಿ ಏನಿತ್ತು ಗೊತ್ತೆ? ‘ಮೀನುಗಾರರಿಗೆ ಬಲೆ ಮತ್ತು ದೋಣಿ ದುರಸ್ತಿ!’ ಎಲ್ಲೋ ಕರಾವಳಿ ಚಂಡಮಾರುತಕ್ಕೆ ಬರೆದ ಹಳೇ ಅರ್ಜಿಯಲ್ಲಿ ಊರ ಹೆಸರು ಮಾತ್ರ ಬದಲಿಸಿದ್ದ. ಆ ಸಾಲಿನ ಕೆಳಗೆ ಕೆಂಪು ಗೆರೆ ಬಿದ್ದು ಅರ್ಜಿ ವಾಪಸು ಬಂತು. “ನಮ್ಮೂರಾಗ ಸಮುದ್ರ ಎಲ್ಲೈತ್ರಿ ಅಣ್ಣಾರ?” ಎಂದು ಹುಡುಗರು ನಕ್ಕರು. ಆದರೆ ಮುಂಗಡ ಹೋಯಿತು, ಒಂದು ಮಳೆಗಾಲವೂ ಹೋಯಿತು. ಆ ಕುಟುಂಬಗಳು ಶೆಡ್ಡಿನಲ್ಲೇ ಉಳಿದವು.

ಬರೆಯುವವನ ಕೈಯಲ್ಲಿ ಎಷ್ಟಿದೆ ಎಂಬುದು 2019ರ ಆಗಸ್ಟ್‌ನಲ್ಲಿ ನಮ್ಮ ಜಿಲ್ಲೆಗೆ ಚೆನ್ನಾಗಿ ಗೊತ್ತಾಗಿದೆ. ವರದಾ ನದಿ ಉಕ್ಕಿ ಹಾನಗಲ್ಲ, ಸವಣೂರು ಕಡೆ ನೀರು ನುಗ್ಗಿತು. ತುರ್ತಿಗೆಂದು ಕುಟುಂಬಕ್ಕೆ 10,000 ರೂಪಾಯಿ ಸಿಕ್ಕಿತು. ಅದರಲ್ಲಿ ಕೇಂದ್ರದ ನಿಯಮದಂತೆ 3,800, ಉಳಿದ 6,200 ರಾಜ್ಯದ್ದು. ಮನೆಗೆ ಮಾತ್ರ ಎ, ಬಿ, ಸಿ ಎಂದು ದರ್ಜೆ. ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದಿದ್ದರೆ ‘ಎ’, 5 ಲಕ್ಷ. ಶೇಕಡಾ 15ರಿಂದ 25 ಎಂದು ಬರೆದರೆ ‘ಸಿ’, 50 ಸಾವಿರ. ಮಣ್ಣಿನ ಗೋಡೆ ಇವತ್ತು ಬಿರುಕು ಬಿಟ್ಟು, ಸಮೀಕ್ಷೆಯವರು ಹೋದ ಮರುವಾರ ಕುಸಿದರೆ? ಬರೆದದ್ದು ಬರೆದದ್ದೇ. ಹಾಗೆ ‘ಸಿ’ಯಲ್ಲಿ ಸಿಕ್ಕಿಕೊಂಡ ಕುಟುಂಬಗಳಿಗಾಗಿಯೇ ಈ ಹುಡುಗರ ಓಡಾಟ.

ವಿದೇಶದ ದುಡ್ಡು ಕೇಳಬಾರದೇಕೆ ಎಂದರೆ ಅದರ ಬಾಗಿಲು ಇವರಿಗೆ ಎತ್ತರ. ವಿದೇಶಿ ವಂತಿಗೆ ಕಾಯಿದೆಯ ನೋಂದಣಿಗೆ ಸಂಸ್ಥೆಗೆ 3 ವರ್ಷ ತುಂಬಿರಬೇಕು, ಆ 3 ವರ್ಷದಲ್ಲಿ 15 ಲಕ್ಷ ಖರ್ಚು ಮಾಡಿರಬೇಕು. ದುಡ್ಡು ದಿಲ್ಲಿಯ ಸ್ಟೇಟ್ ಬ್ಯಾಂಕಿನ ಮುಖ್ಯ ಶಾಖೆಯ ಖಾತೆಗೇ ಬರಬೇಕು. 2020ರ ತಿದ್ದುಪಡಿ ಆಡಳಿತದ ಖರ್ಚನ್ನು ಶೇಕಡಾ 50ರಿಂದ 20ಕ್ಕೆ ಇಳಿಸಿದೆ. ಹಾಗಾಗಿ ಕಂಪನಿಗಳ ಕಡೆ ಕಣ್ಣು. 2013ರ ಕಂಪನಿ ಕಾಯಿದೆ ಪ್ರಕಾರ ದೊಡ್ಡ ಕಂಪನಿಗಳು ಸರಾಸರಿ ಲಾಭದ ಶೇಕಡಾ 2ನ್ನು ಸಮಾಜದ ಕೆಲಸಕ್ಕೆ ಕೊಡಬೇಕು.

ಇನ್ನು ಅರ್ಜಿಯ ಒಳಗೇನಿರುತ್ತದೆ? ‘ಲಾಗ್‌ಫ್ರೇಮ್’ ಎಂಬ ಒಂದು ಕೋಷ್ಟಕ. ಪಿಯುಸಿ ಅರ್ಧಕ್ಕೆ ಬಿಟ್ಟ ನನಗೆ ಅದು ತಲೆಗೆ ಹತ್ತಲು ಎರಡು ಚಹಾ ಬೇಕಾಯಿತು. ಏನು ಮಾಡುತ್ತೀರಿ, ಆಯಿತೆಂದು ಹೇಗೆ ಗೊತ್ತಾಗಬೇಕು, ಪುರಾವೆ ಎಲ್ಲಿದೆ, ಎಡವಿದರೆ ಯಾಕೆ ಎಡವೀತು ಎಂಬ ನಾಲ್ಕು ಪ್ರಶ್ನೆ ಅಷ್ಟೆ. ಉದ್ರಿ ಖಾತೆ ಇಡುವ ಕಿರಾಣಿ ಅಂಗಡಿಯವರಿಗೆ ಹೊಸತೇನಲ್ಲ. ಜೊತೆಗೆ ‘ಸ್ಫಿಯರ್’ ಎಂಬ ಜಾಗತಿಕ ಕೈಪಿಡಿಯ ಅಳತೆಗಳು: ತಲೆಗೆ ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಅಡಿಗೆ, ಸ್ನಾನದ ಜಾಗ ಬಿಟ್ಟು ತಲೆಗೆ 3.5 ಚದರ ಮೀಟರ್ ಸೂರು. ಐದು ಜನಕ್ಕೆ ಸುಮಾರು 188 ಚದರಡಿ ಆಯಿತು. ಎಮ್ಮೆ ಎಲ್ಲಿ ಕಟ್ಟೋದು? ಗೋವಿನಜೋಳದ ಚೀಲ ಎಲ್ಲಿ ಒಟ್ಟೋದು? ಇದು ಕೈಪಿಡಿಯ ಲೆಕ್ಕದಲ್ಲಿಲ್ಲ. ಊರಿಗೆ ಬಂದು ಪಡಸಾಲೆಯಲ್ಲಿ ಕೂತವನು ಬರೆದಾನು, ಫೋನಿನವನು ಬರೆಯಲಾರ.

ಹಾನಗಲ್ಲ ದಾಟಿದರೆ ಮುಂಡಗೋಡ. 1966ರಿಂದ ಅಲ್ಲಿ ಟಿಬೆಟಿನ ನಿರಾಶ್ರಿತರಿದ್ದಾರೆ. ದೇಶದ ಗಡಿ ದಾಟಿ ಬಂದವರು, ಎಲ್ಲರಿಗೂ ಗೊತ್ತು. ನಮ್ಮ ಹೊಳೆದಂಡೆಯವರು ಯಾವ ಗಡಿಯನ್ನೂ ದಾಟಿಲ್ಲ. ಆದರೂ 1998ರ ವಿಶ್ವಸಂಸ್ಥೆಯ ಸೂತ್ರಗಳ ಪ್ರಕಾರ ನೆರೆಯಿಂದ ಮನೆ ಬಿಟ್ಟವರೂ ‘ಸ್ಥಳಾಂತರಗೊಂಡವರೇ’. ಅವರನ್ನು ಕೇಳಿ ನೋಡಿ. “ಮನಿ ಬಿದ್ದೈತ್ರೀ” ಅಂತಾರೆ, ಅಷ್ಟೆ.

ಸಂಬಳದ ಮಾತಿಗೆ ಬಂದಾಗ ಹುಡುಗರಲ್ಲಿ ಜಗಳವೇ ಆಯಿತು. “ಮಂಜೂರಾದ್ರ ಶೇಕಡಾ ಹತ್ತು ಕೊಡೋಣು, ಆಗದಿದ್ರ ಇಲ್ಲ” ಎಂದ ಒಬ್ಬ. ಅಂಗಡಿಯವರಿಗೆ ಇದು ನ್ಯಾಯ ಅನ್ನಿಸಬಹುದು. ನನಗೆ ಅನ್ನಿಸಲಿಲ್ಲ. ಪಾಲು ಸಿಗುವವನು ಹತ್ತು ಮನೆಯನ್ನು ಇಪ್ಪತ್ತು ಮಾಡಿ ಬರೆದಾನು. ಆ ಪಾಲು ಕೊನೆಗೆ ಯಾರದೋ ತಗಡಿನ ದುಡ್ಡಿನಿಂದಲೇ ಹೋಗಬೇಕು. ಅಮೆರಿಕದಲ್ಲಿ ದೇಣಿಗೆ ಎತ್ತುವವರ ವೃತ್ತಿ ಸಂಘದ ನೀತಿಸಂಹಿತೆಯೂ ಶೇಕಡಾವಾರು ಕೂಲಿ ಬೇಡವೆನ್ನುತ್ತದೆ. ದಿನಕ್ಕಿಷ್ಟೆಂದು ಗೊತ್ತು ಮಾಡಿ, ಬಸ್ ಛಾರ್ಜು ಬೇರೆ ಕೊಟ್ಟು, ಅರ್ಧ ದುಡ್ಡು ಕರಡು ಓದಿದ ಮೇಲೆ ಕೊಡಿ ಎಂದೆ. ಕರಡನ್ನು ಮೊದಲು ಆ ಕುಟುಂಬದವರಿಗೇ ಕನ್ನಡದಲ್ಲಿ ಓದಿ ಹೇಳಬೇಕು.

ಅಬಲೂರಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಶಾಸನವಿದೆ. ಹಾನಗಲ್ಲಿನ ಕದಂಬ ಕಾಮದೇವ ಮುಂಡಗೋಡ ಬಳಿಯ ಒಂದು ಊರನ್ನು ದತ್ತಿ ಬಿಟ್ಟ ಸಂಗತಿ ಅದರಲ್ಲಿದೆ. ಯಾರು ಕೊಟ್ಟರು, ಯಾರಿಗೆ, ಯಾವ ಊರು ಎಲ್ಲ ಸ್ಪಷ್ಟ. ಬಲೆ, ದೋಣಿ ಮಾತ್ರ ಇಲ್ಲ!

ತರುಣ ಫೈಲಿನಿಂದ ಒಂದು ಹಾಳೆ ತೆಗೆದ. ಹೆಸರು, ಮನೆ ಮಂದಿ, ದನ, ಬಿದ್ದ ಗೋಡೆ, ಸರಕಾರ ಕೊಟ್ಟದ್ದು. ಎಲ್ಲ ಅವನೇ ಮನೆಮನೆ ತಿರುಗಿ ಪೆನ್ಸಿಲಿನಲ್ಲಿ ಬರೆದದ್ದು. ಅರ್ಧ ಅರ್ಜಿ ಆಗಲೇ ಆಗಿದೆಯಲ್ಲಪ್ಪ ಎಂದೆ.

“ಇಂಗ್ಲಿಷ್ ಬರಂಗಿಲ್ರಿ, ಅಷ್ಟ ತ್ರಾಸು,” ಎಂದ. ಕೊನೇ ತಾರೀಕಿಗೆ ಇನ್ನು 26 ದಿನ ಇತ್ತು.